ಚೀಲ ಹೊಲಿಯೂ ಮೊದಲ ಹೇಳು

ಚಿರಂಜೀವಿ ಅಳಿಯಗ ನಿನ್ನ ಸೋದರಮಾವನ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಗೆಳೆಯ ಮೆಣಸಿನಕಾಯಿಗೆ ನೀರು ಹೊಡದು ಚೀಲ ತುಂಬಾಕತ್ಯಾನ, ಹೇಳಿದ್ರ ಗೆಳೆತನ ಕೆಡತೈತಿ, ಸುಮ್ಮನಿದ್ರ ಮನಸ್ಸು ಒಪ್ಪವಲ್ದು ಅಂತ ಬರದಿ. ಹೇಳಬೇಕು. ಬ್ಯಾಡಗಿ ಪ್ಯಾಟ್ಯಾಗ ಖರೀದಿದಾರ ಚೀಲದಾಗ ಕೈ ಹಾಕಿದ್ರ ಅವಗ ಗೊತ್ತಾಗೇ ಆಗತೈತಿ. ಅವ ಬಾಯಿಬಿಟ್ಟು ಏನೂ ಅನ್ನೂದಿಲ್ಲ. ಟೆಂಡರಿನಾಗ ದರ ಇಳಿಸಿ ಬರೀತಾನ, ಇಲ್ಲಾ ಆ ಲಾಟು, ಅಂದ್ರ ಒಟ್ಟಿಗೆ ಮಾರಾಕ ಇಟ್ಟ ಚೀಲಗೋಳು, ಬಿಟ್ಟು ಮುಂದ ಹೋಗತಾನ. ದರ ಯಾಕ ಬಿತ್ತು ಅಂತ ನಿನ್ನ ಗೆಳೆಯಗ ಹೇಳವರು ಅಲ್ಲಿ ಯಾರೂ ಇರೂದಿಲ್ಲ.

ಹೇಳಾಕ ಹೋಗೂ ಮೊದಲ ಖಾತ್ರಿ ಮಾಡಿಕೋ. ಚೀಲದ ಬಾಯಾಗಿನ ಕಾಯಿ ಗಾಳಿಗೆ ಒಣಗಿರತಾವ, ನಡುವಿನಿಂದ ಹತ್ತು ಕಾಯಿ ತಗಿ. ಕಿವಿ ಹತ್ರ ಅಲ್ಲಾಡಿಸಿದ್ರ ಬೀಜ ಸಪ್ಪಳ ಮಾಡಬೇಕು. ಮುಷ್ಟಿಯಾಗ ಅದುಮಿದಾಗ ತಂಪು ಹತ್ತಿ, ಒತ್ತಿದಂಗ ಕುಂತ್ರ ಹಸಿ ಐತಿ. ಸೀಳಿ ನೋಡು, ಬೀಜದ ಸುತ್ತ ಬೂಸರು ಕಂಡ್ರ ಆ ಕಾಯಿ ಯಾರೂ ತಿನ್ನಬಾರದು. ಬೂಸರಿನಿಂದ ಬರೂ ಅಫ್ಲಾಟಾಕ್ಸಿನ್ ವಿಷ ಅಡಿಗಿ ಕುದಿಸಿದ್ರೂ ಹೋಗೂದಿಲ್ಲ.

ಲೆಕ್ಕಾನೂ ಒಯ್ಯಿ. ಆಹಾರ ಸುರಕ್ಷತಾ ನಿಯಮದಾಗ ಇಡೀ ಒಣ ಮೆಣಸಿನಕಾಯಿಗೆ ತೇವಾಂಶ ಶೇ. 11 ದಾಟಬಾರದು. ಶೇ. 10 ತೇವಾಂಶದ ಒಂದು ಕ್ವಿಂಟಲ್ ಕಾಯಿಗೆ ನೀರು ಹೊಡದು ಶೇ. 16ಕ್ಕ ಏರಿಸಿದ್ರ ತೂಕ ಸುಮಾರು 107 ಕಿಲೋ ಆಗತೈತಿ. ಅಂದ್ರ ಸಿಕ್ಕಿದ್ದು 7 ಕಿಲೋ ನೀರು. ಬ್ಯಾಡಗಿ ಕಾಯಿಗೆ ರೊಕ್ಕ ಬರೂದು ಖಾರಕ್ಕಲ್ಲ, ಬಣ್ಣಕ್ಕ. ಹಸಿ ಇಟ್ಟ ಕಾಯಿಯ ಬಣ್ಣಾನ ಮೊದಲ ಕೆಡತೈತಿ. ಬ್ಯಾಡಗಿ ಅನ್ನೂದು 2011ರಾಗ ಜಿಐ ಟ್ಯಾಗ್, ಅಂದ್ರ ಊರಿನ ಹೆಸರಿನ ಮಾಲಿಗೆ ಸಿಗೂ ಸರ್ಕಾರಿ ಗುರುತು, ಪಡದ ಹೆಸರು; ಅದು ಕೆಟ್ರ ಎಲ್ಲಾರಿಗೂ ಕೆಡತೈತಿ, ಅವನೊಬ್ಬನ ಹೆಸರಲ್ಲ.

ಆದ್ರ ಲೆಕ್ಕ ಹೇಳೂ ಮೊದಲ "ಯಾಕ ಹೊಡದಿ?" ಅಂತ ಕೇಳು, ಉತ್ತರ ಪೂರಾ ಕೇಳಿಸಿಕೋ. ಬರೇ ತೂಕದ ಆಸೆ ಅಂತ ತಿಳೀಬ್ಯಾಡ. ಕಡಕ್ ಒಣಗಿದ ಕಾಯಿ ತುಂಬೂ ಹೊತ್ತಿಗೆ ಮುರದು ಬೀಜ ಉದುರತಾವ, ಅದಕ್ಕ ಅಂಜಿನೂ ನೀರು ಹೊಡಿಯವರು ಇದ್ದಾರ. ಅಂಥವಗ ಬೈದ್ರ ಕೆಲಸ ಆಗೂದಿಲ್ಲ, ದಾರಿ ತೋರಸಬೇಕು. ನೀರು ಹೊಡಿಯೂ ಬದಲು ನಸುಕಿನ ತಂಪಿನಾಗ ತುಂಬಿದ್ರ ಕಾಯಿ ಸ್ವಲ್ಪ ಮೆತ್ತಗಿದ್ದು ಮುರಿಯೂದು ಕಡಿಮಿ. ಈಗಾಗಲೇ ನೀರು ಬಿದ್ದದ್ದನ್ನ ತಾಡಪತ್ರಿ ಮ್ಯಾಲ ತೆಳ್ಳಗ ಹರವಿ, ತಿರುವ್ಯಾಡಿ ಒಣಗಿಸಬೇಕು. ಬೂಸರು ಹಿಡದದ್ದನ್ನ ಆರಿಸಿ ತಗದು ಹಾಕಬೇಕು.

ಹಮಾಲರ ಮುಂದ, ಅವರ ಅಪ್ಪನ ಮುಂದ ಈ ಮಾತು ಎತ್ತಬ್ಯಾಡ. ದರ ಬಿದ್ದ ದಿನ ಅಂತೂ ಬ್ಯಾಡೇ ಬ್ಯಾಡ. "ಪ್ಯಾಟ್ಯಾಗ ಎಲ್ಲಾರೂ ಅಂತಾರ" ಅಂದ್ಯೋ, ಅವ ತಪ್ಪು ಬಿಟ್ಟು ಯಾರಂದ್ರು ಅಂತ ಹುಡುಕಾಕ ಹೊಂಡತಾನ. "ನೀ ಮೋಸಗಾರ" ಅನ್ನೂದೂ ಬ್ಯಾಡ. "ಈ ಚೀಲದಾಗ ನೀರು ಐತಿ" ಅಂದು ಕಾಯಿ ಅವನ ಕೈಯಾಗ ಇಡು. ಹಳೇ ಬಾಕಿ, ಹಳೇ ಜಗಳ ಅದರಾಗ ಸೇರಸಬ್ಯಾಡ. ಹೊಗಳಿ ಹೊಗಳಿ ಕಡೀಕ ತಪ್ಪು ಹೇಳೂ ರೀತಿ ನನಗ ಸೇರೂದಿಲ್ಲ, ಕೇಳವಗ ಹೊಗಳಿದ್ದಷ್ಟ ನೆನಪು ಉಳೀತೈತಿ. ನೀ ಇಷ್ಟು ದಿನ ನೋಡಿ ಸುಮ್ಮನಿದ್ದದ್ದನ್ನೂ ಅವಗ ಮೊದಲ ಒಪ್ಪಿಕೋ.

ತಿರುಗಿ ಅವ ನಿನ್ನ ತಪ್ಪು ಎತ್ತಿದ್ರ, ವಾದಕ್ಕ ಇಳೀಬ್ಯಾಡ. "ಯಾವುದು, ಯಾವತ್ತು?" ಅಂತ ಕೇಳಿ ತಿಳಕೋ. ಅದು ಖರೇ ಇದ್ರ ಹೌದು ಅನ್ನು.

ಎರಡು ಸಲ ಹೇಳಿದ ಮ್ಯಾಲೂ ಬಿಡಲಿಲ್ಲಂದ್ರ ಆ ಚೀಲ ಹೊಲಿಯಾಕ, ಎತ್ತಾಕ ಕೈ ಹಚ್ಚಬ್ಯಾಡ. ಯಾಕ ಅಂತಾನೂ ಅವಗ ನೇರ ಹೇಳು. ಖರೀದಿದಾರ ನಿನ್ನ ಕೇಳಿದ್ರ ಸುಳ್ಳು ಆಡಬ್ಯಾಡ. ನಾಕು ದಿನ ಮಾತು ಬಿಟ್ಟಾನು, ನೀ ಅವರ ಮನಿಗೆ ಹೋಗೂದು ಬಿಡಬ್ಯಾಡ.

ಮುಂದಿನ ಲಾಟು ತುಂಬೂದು ಯಾವತ್ತು ಅಂತ ಕೇಳಿಕೊಂಡು ಹಿಂದಿನ ದಿನ ಸಂಜಿಕೇ ಹೋಗು. ತಾಡಪತ್ರಿ ಕಡಿಮಿ ಬಿದ್ರ ನಮ್ಮ ಮನಿಯಿಂದ ಒಯ್ಯಿ.

ಇಂತಿ,
ನಿನ್ನ ಮಾವ