ಹಳಿ ಹೋಯಿತು, ಸೈಕಲ್ ಬಂತು

ಮಾನ್ಯ ಸಂಪಾದಕರೇ,

ಮಗನ ಮನೆಗೆಂದು ಅಮೆರಿಕದ ವರ್ಜೀನಿಯಾಕ್ಕೆ ಬಂದು ಎರಡು ತಿಂಗಳಾಯಿತು. ಇಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ‘ಡಬ್ಲ್ಯು ಆ್ಯಂಡ್ ಓಡಿ’ (ವಾಷಿಂಗ್ಟನ್ ಆ್ಯಂಡ್ ಓಲ್ಡ್ ಡೊಮಿನಿಯನ್) ಸೈಕಲ್ ದಾರಿ. 1968ರಲ್ಲಿ ನಿಂತುಹೋದ ರೈಲು ಮಾರ್ಗವದು. ಹಳಿ ಕಿತ್ತ ಜಾಗದಲ್ಲೀಗ 72 ಕಿ.ಮೀ. ಡಾಂಬರು. ರೈಲು ಓಡಿದ ದಾರಿ ಅಲ್ವಾ, ಕಡಿದಾದ ಏರು ಕಡಿಮೆ. ನನ್ನ ಮೊಣಕಾಲಿಗೂ ಒಗ್ಗುತ್ತದೆ. ನಡೆಯುವವರು, ಸೈಕಲಿನವರು, ಮಗುವಿನ ಗಾಡಿ ತಳ್ಳುವವರು, ಎಲ್ಲರಿಗೂ ಒಂದೇ ದಾರಿ. ಕೆಲವೆಡೆ ಪಕ್ಕದಲ್ಲೇ ಕುದುರೆಗಳಿಗೆ ಜಲ್ಲಿ ಹಾದಿ. ಹಿಂದಿನಿಂದ ಬರುವ ಸೈಕಲ್ ಗಂಟೆ ಬಾರಿಸಿ ನಮ್ಮ ಎಡಬದಿಯಿಂದ ಮುಂದೆ ಹೋಗಬೇಕು. ಮೊದಲ ದಿನ ಊರಿನ ಅಭ್ಯಾಸದಂತೆ ನಾನೂ ಎಡಕ್ಕೇ ಸರಿದು ಬೈಸಿಕೊಂಡೆ!

ಸ್ವಯಂಸೇವಕರು ಸೈಕಲ್ಲಿನಲ್ಲೇ ಗಸ್ತು ತಿರುಗುತ್ತಾರೆ. ಪಂಕ್ಚರ್ ಆದವರಿಗೆ ನೆರವಾಗುತ್ತಾರೆ. ನಮ್ಮೂರ ಕೆರೆ ಏರಿಗೂ ಇಂಥ ನಾಲ್ಕು ಜನ ಸಿಕ್ಕರೆ, ಐದನೆಯವನಾಗಿ ನಾನು ಬರುತ್ತೇನೆ.

– ಒಬ್ಬ ಓದುಗ, ಆಶ್‌ಬರ್ನ್, ವರ್ಜೀನಿಯಾ