ಎಂಜಿನ್ ಕಾಲ ಮುಗಿಯಿತಾ ಅಂತ ಕೇಳಿದ್ರಲ್ಲ ಅಪ್ಪ

ಸ್ಟುಟ್‌ಗಾರ್ಟ್, ಜರ್ಮನಿ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಇಲ್ಲಿ ಆರಾಮಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಹೋದ ವಾರ ತಮ್ಮನ ಓದಿನ ಬಗ್ಗೆ ಅಪ್ಪ ಕೇಳಿದ ಪ್ರಶ್ನೆ ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. "ಇವನು ಮೆಕ್ಯಾನಿಕಲ್ಲೇ ಬೇಕು ಅಂತ ಹಟ ಹಿಡಿದಿದ್ದಾನೆ. ಕಾರೆಲ್ಲ ಬ್ಯಾಟರಿಗೆ ಹೋಗುವಾಗ ಎಂಜಿನ್ ಕಲಿತು ಏನು ಮಾಡ್ತಾನೆ?" ಅಂದಿರಿ. ದಿನವಿಡೀ ಎಂಜಿನ್ನು, ಮೋಟರ್‌ಗಳ ನಡುವೆಯೇ ಕೆಲಸ ಮಾಡುವವಳು ನಾನು. ಹಾಗಾಗಿ ಪತ್ರ ಸ್ವಲ್ಪ ಉದ್ದ ಆಗುತ್ತದೆ. ಅಮ್ಮ, ನಿಮಗೆ ಬೇಜಾರಾದರೆ ಕೊನೆಯ ಭಾಗ ಮಾತ್ರ ಓದಿ, ಸಾಕು.

ಮೊದಲು ಒಂದು ವಿಷಯ. ಯಾವುದು ಜೋರಾಗಿ ಓಡುತ್ತದೆ ಅನ್ನುವ ಜಗಳ ಮುಗಿದಿದೆ. ನೀವು ಪಿಕಪ್ ಅನ್ನುತ್ತೀರಲ್ಲ, ಅದರಲ್ಲಿ ಮೋಟರ್ ಮುಂದೆ ಎಂಜಿನ್ ನಿಲ್ಲುವುದಿಲ್ಲ. ಎಂಜಿನ್‌ಗೆ ಮೊದಲು ಆರ್‌ಪಿಎಂ ಏರಬೇಕು, ಟರ್ಬೊ ಇದ್ದರೆ ಅದು ತಿರುಗಿ ಗಾಳಿ ತುಂಬಬೇಕು, ಆಮೇಲೆ ಪೂರ್ತಿ ಬಲ ಬರಬೇಕು. ಮೋಟರ್‌ಗೆ ಆ ಕಾಯುವಿಕೆ ಇಲ್ಲ, ನಿಂತಲ್ಲಿಂದಲೇ ಪೂರ್ತಿ ಬಲ. ಪೋರ್ಷೆಯ ಎಲೆಕ್ಟ್ರಿಕ್ ಕಾರು ಟೇಕಾನ್ ಟರ್ಬೊ ಜಿಟಿ 2.3 ಸೆಕೆಂಡಿನಲ್ಲಿ 100 ಕಿ.ಮೀ. ವೇಗ ಮುಟ್ಟುತ್ತದೆ. ಅದರ ಹೆಸರಿನಲ್ಲಿ ಟರ್ಬೊ ಇದೆ, ಕಾರಿನಲ್ಲಿ ಇಲ್ಲ! 2025ರ ಸೆಪ್ಟೆಂಬರ್‌ನಲ್ಲಿ ಚೀನಾದ ಬಿವೈಡಿ ತನ್ನ ಯಾಂಗ್‌ವಾಂಗ್ ಯು9 ಎಲೆಕ್ಟ್ರಿಕ್ ಕಾರನ್ನು ಇಲ್ಲಿಗೇ ತಂದು, ಜರ್ಮನಿಯ ಪಾಪೆನ್‌ಬರ್ಗ್ ಟ್ರ್ಯಾಕಿನಲ್ಲಿ ಗಂಟೆಗೆ 496 ಕಿ.ಮೀ. ಓಡಿಸಿತು. ಇದೇನು ಹೊಸ ಕಥೆಯೂ ಅಲ್ಲ. ರಸ್ತೆಯ ಮೇಲೆ ಗಂಟೆಗೆ 100 ಕಿ.ಮೀ. ದಾಟಿದ ಮೊದಲ ಕಾರು ಕೂಡ ಬ್ಯಾಟರಿಯದ್ದೇ. 1899ರಲ್ಲಿ ಬೆಲ್ಜಿಯಂನ ಕಮೀಯ್ ಜೆನಾಟ್ಸಿ ಅದನ್ನು ಪ್ಯಾರಿಸ್ ಹತ್ತಿರ ಓಡಿಸಿದ.

ಹಾಗಾದರೆ ಎಂಜಿನ್ ಇನ್ನೂ ಯಾಕೆ ಉಳಿದಿದೆ? ತೂಕದ ಲೆಕ್ಕ ನೋಡಿ. ಈಗ ಹೇಳಿದ ಟೇಕಾನ್‌ನ ಬ್ಯಾಟರಿ 105 ಕಿಲೋವ್ಯಾಟ್ ಅವರ್‌ನದು, ಅಂದರೆ ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 105 ಯೂನಿಟ್. ಅದೊಂದೇ 600 ಕೆ.ಜಿ.ಗಿಂತ ಜಾಸ್ತಿ ತೂಗುತ್ತದೆ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಹತ್ತಿರ ಹತ್ತಿರ 9 ಕಿಲೋವ್ಯಾಟ್ ಅವರ್ ಇರುತ್ತದೆ. ಅಂದರೆ ಅಷ್ಟೂ ಶಕ್ತಿ 12 ಲೀಟರ್ ಪೆಟ್ರೋಲ್‌ನಲ್ಲಿ, ಸುಮಾರು 9 ಕೆ.ಜಿ. ತೂಕದಲ್ಲಿ ಬಂತು. ಎಂಜಿನ್ ಅದರಲ್ಲಿ ಮೂರನೇ ಒಂದು ಭಾಗವನ್ನಷ್ಟೇ ಚಕ್ರಕ್ಕೆ ಕೊಡುತ್ತದೆ, ಒಪ್ಪಿದೆ. ಮೂರು ಪಟ್ಟು ಪೆಟ್ರೋಲ್ ಹಾಕಿದರೂ 30 ಕೆ.ಜಿ. ದಾಟುವುದಿಲ್ಲ. ನೇರ ರಸ್ತೆಯಲ್ಲಿ ತೂಕ ಅಷ್ಟು ಕಾಡುವುದಿಲ್ಲ. ತಿರುವಿನಲ್ಲಿ, ಬ್ರೇಕಿನಲ್ಲಿ, ಟೈರಿನಲ್ಲಿ ಅದು ಸಾಲ ಕೊಟ್ಟವನ ಹಾಗೆ ಬಂದು ನಿಲ್ಲುತ್ತದೆ. ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ರೇಸಿನಲ್ಲಿ 2018ರವರೆಗೂ ಒಂದು ಬ್ಯಾಟರಿ ರೇಸ್ ಮುಗಿಯುವ ತನಕ ಬರುತ್ತಿರಲಿಲ್ಲ. ಡ್ರೈವರ್ ಅರ್ಧ ರೇಸಿಗೆ ಕಾರಿನಿಂದ ಇಳಿದು ಇನ್ನೊಂದು ಕಾರು ಹತ್ತುತ್ತಿದ್ದ.

ತೂಕಕ್ಕಿಂತ ದೊಡ್ಡ ತಲೆನೋವು ಬಿಸಿ. ನನ್ನ ಸಂಬಳ ಬರುವುದೇ ಅದರಿಂದ. ನಾವು ಕೆಲಸ ಮಾಡುವಲ್ಲಿ ಒಂದು ಕೋಣೆಯಲ್ಲಿ ಎಂಜಿನ್ ಟೆಸ್ಟ್ ನಡೆಯುತ್ತದೆ, ಪಕ್ಕದ ಕೋಣೆಯಲ್ಲಿ ಮೋಟರ್ ಮತ್ತು ಬ್ಯಾಟರಿ ಟೆಸ್ಟ್. ದಪ್ಪ ಗಾಜಿನ ಆಚೆ ಎಂಜಿನ್ ಫುಲ್ ಲೋಡಿನಲ್ಲಿ ಓಡುವಾಗ ಎಕ್ಸಾಸ್ಟ್ ಪೈಪು ಮೊದಲು ಮಂಕು ಕೆಂಪಾಗುತ್ತದೆ, ಆಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಒಳಗಿನ ಹೊಗೆ 900 ಡಿಗ್ರಿ ದಾಟಿರುತ್ತದೆ. ನೆಲ ನಡುಗುತ್ತದೆ. ಪಕ್ಕದ ಕೋಣೆಯ ಮೋಟರ್ ಅಷ್ಟೇ ಪವರ್ ಕೊಡುತ್ತಾ ಸುಮ್ನೆ ಕೀಂ ಅನ್ನುತ್ತಿರುತ್ತದೆ. ಆದರೂ ಬಿಸಿ ಜಾಸ್ತಿ ಆಯಿತು ಅಂತ ಟೆಸ್ಟ್ ನಿಲ್ಲಿಸುವುದು ಹೆಚ್ಚಾಗಿ ಈ ಎರಡನೇ ಕೋಣೆಯಲ್ಲೇ.

ವಿಚಿತ್ರ ಅನ್ನಿಸುತ್ತದೆ ಅಲ್ವಾ? ಮೋಟರ್ ವ್ಯರ್ಥ ಮಾಡುವುದು ನೂರಕ್ಕೆ ಐದೋ ಆರೋ. ಎಂಜಿನ್ ಅರವತ್ತಕ್ಕಿಂತ ಜಾಸ್ತಿ ವ್ಯರ್ಥ ಮಾಡುತ್ತದೆ. ಆದರೆ ಎಂಜಿನ್ನಿನ ಬಿಸಿಯಲ್ಲಿ ದೊಡ್ಡ ಪಾಲು ಹೊಗೆಯ ಜೊತೆ ತಾನಾಗಿಯೇ ಆಚೆ ಹೋಗುತ್ತದೆ. ಉಳಿದದ್ದನ್ನು ರೇಡಿಯೇಟರ್ ನೋಡಿಕೊಳ್ಳುತ್ತದೆ. ಅದರ ನೀರು 100 ಡಿಗ್ರಿ ಹತ್ತಿರ, ಹೊರಗಿನ ಗಾಳಿ 35 ಅಂದುಕೊಳ್ಳಿ. ನಡುವೆ 65 ಡಿಗ್ರಿ ಅಂತರ, ಬಿಸಿ ಸಲೀಸಾಗಿ ಗಾಳಿಗೆ ಹೋಗುತ್ತದೆ. ಬ್ಯಾಟರಿ ಸೆಲ್ ಹಾಗಲ್ಲ. 45 ಡಿಗ್ರಿಯಲ್ಲೇ ಅದಕ್ಕೆ ಕಷ್ಟ ಶುರು, 60ರ ಹತ್ತಿರ ಹೋದರೆ ಕಂಪ್ಯೂಟರ್ ಪವರ್ ಕಡಿಮೆ ಮಾಡಿಬಿಡುತ್ತದೆ. 45ಕ್ಕೂ 35ಕ್ಕೂ ಹತ್ತೇ ಡಿಗ್ರಿ ಅಂತರ. ಅಷ್ಟರಲ್ಲಿ ರೇಡಿಯೇಟರ್ ಏನು ಮಾಡಬೇಕು? ಅದಕ್ಕೇ ಎಸಿ ಕಂಪ್ರೆಸರ್ ಹಚ್ಚಿ ಬ್ಯಾಟರಿ ತಣ್ಣಗೆ ಮಾಡಬೇಕಾಗುತ್ತದೆ. ಆ ಕಂಪ್ರೆಸರ್ ಓಡುವುದೂ ಅದೇ ಬ್ಯಾಟರಿಯಿಂದ. ಒಂದು ಸುತ್ತು ರಾಕೆಟ್ಟಿನ ಹಾಗೆ ಓಡಿದ ಕಾರು ಮೂರನೇ ಸುತ್ತಿಗೆ ಮೆತ್ತಗಾಗುವುದು ಇದಕ್ಕೇ.

ಇದರಲ್ಲಿ ತಮ್ಮನಿಗೆ ಇಷ್ಟವಾಗುವ ಒಂದು ಲೆಕ್ಕ ಇದೆ. ಕರೆಂಟ್ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು. ಅದಕ್ಕೇ 2019ರಲ್ಲಿ ಬಂದ ಟೇಕಾನ್ 400 ವೋಲ್ಟ್ ಬಿಟ್ಟು 800 ವೋಲ್ಟ್‌ಗೆ ಹೋಯಿತು. ಪವರ್ ಅಷ್ಟೇ, ಕರೆಂಟ್ ಅರ್ಧ, ಕೇಬಲ್‌ನ ಬಿಸಿ ಕಾಲು ಭಾಗ. ಮೋಟರ್ ಒಳಗೂ ಇದೇ ಹೋರಾಟ. ಹಳೇ ಪಂಪ್‌ಸೆಟ್ ಮೋಟರಿನಲ್ಲಿ ದುಂಡು ತಂತಿ ಸುತ್ತಿರುತ್ತಾರೆ, ನಡುವೆ ಸಂದು ಉಳಿಯುತ್ತದೆ. ಈಗಿನ ಕಾರಿನ ಮೋಟರಿನಲ್ಲಿ ಚೌಕಾಕಾರದ ತಾಮ್ರದ ಪಟ್ಟಿಗಳನ್ನು ಹೇರ್‌ಪಿನ್ನಿನ ಹಾಗೆ ಬಗ್ಗಿಸಿ, ಒಂದಕ್ಕೊಂದು ಒತ್ತಿ ತೂರಿಸಿ, ತುದಿಗಳನ್ನು ಲೇಸರ್‌ನಿಂದ ಬೆಸೆಯುತ್ತಾರೆ. ಒಂದೇ ಒಂದು ಬೆಸುಗೆಯಲ್ಲಿ ಸಣ್ಣ ಗುಳ್ಳೆ ಉಳಿದರೂ ಅಲ್ಲೇ ಮೊದಲು ಬಿಸಿಯಾಗುತ್ತದೆ. ಆ ತುದಿಗಳ ಮೇಲೆ ನೇರವಾಗಿ ಎಣ್ಣೆ ಚಿಮ್ಮಿಸುವ ವ್ಯವಸ್ಥೆಯೂ ಇರುತ್ತದೆ. ಎಣ್ಣೆ ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಅಂತ ಕ್ಯಾಮೆರಾ ಇಟ್ಟು ನೋಡುವುದು ಈಗ ನನ್ನ ಕೆಲಸ. ಎಂಜಿನ್ ಬಿಟ್ಟು ಬಂದರೂ ಕೈಯಿಂದ ಎಣ್ಣೆ ಹೋಗಿಲ್ಲ ನೋಡಿ.

ದೊಡ್ಡ ಕಂಪನಿಗಳು ಏನು ಮಾಡುತ್ತಿವೆ ಅಂದರೆ, ಹೆಚ್ಚಿನವು ಎರಡನ್ನೂ ಕೂಡಿಸುತ್ತಿವೆ. ಕ್ರೊವೇಷಿಯಾದ ಮಾಟೆ ರಿಮಾಟ್ಸ್ ಹೆಸರು ತಮ್ಮ ಕೇಳಿರುತ್ತಾನೆ. 1,900 ಹಾರ್ಸ್‌ಪವರ್ ದಾಟಿದ ಎಲೆಕ್ಟ್ರಿಕ್ ಕಾರು ನೆವೆರಾ ಮಾಡಿದವನು. ಅವನ ಕೈಗೇ ದುಬಾರಿ ಕಾರುಗಳ ಬುಗಾಟಿ ಕಂಪನಿ ಬಂದಾಗ ಅದೂ ಎಲೆಕ್ಟ್ರಿಕ್ ಆಗುತ್ತದೆ ಅಂತ ಎಲ್ಲರೂ ಅಂದುಕೊಂಡರು. 2024ರಲ್ಲಿ ಅವನು ತೋರಿಸಿದ್ದು 8.3 ಲೀಟರ್‌ನ 16 ಸಿಲಿಂಡರ್ ಎಂಜಿನ್, ಅದೂ ಟರ್ಬೊ ಇಲ್ಲದ್ದು! ಎಂಜಿನ್‌ನಿಂದ 1,000 ಹಾರ್ಸ್‌ಪವರ್, ಮೂರು ಮೋಟರ್‌ಗಳಿಂದ 800. ಮೋಟರಿನ ಶಕ್ತಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವನೇ ಎಂಜಿನ್ ಇಟ್ಟುಕೊಂಡ. ಅಷ್ಟು ದುಡ್ಡು ಕೊಡುವವರು ಬರೀ ವೇಗಕ್ಕೆ ಕೊಡುವುದಿಲ್ಲ. ಮರ್ಸಿಡಿಸ್ ತನ್ನ ಸಿ63 ಕಾರಿನಿಂದ ಎಂಟು ಸಿಲಿಂಡರ್ ತೆಗೆದು, ನಾಲ್ಕು ಸಿಲಿಂಡರ್ ಜೊತೆ ಮೋಟರ್ ಸೇರಿಸಿ 680 ಹಾರ್ಸ್‌ಪವರ್ ಕೊಟ್ಟಿತು. ಪವರ್ ಹಳೆಯದಕ್ಕಿಂತ ಎಷ್ಟೋ ಜಾಸ್ತಿ. ಆದರೂ ಹಳೇ ಅಭಿಮಾನಿಗಳಿಗೆ ಅದು ರುಚಿಸಲಿಲ್ಲ.

ಹ್ಯುಂಡೈ ಐಯಾನಿಕ್ 5 ಎನ್ ಎಲೆಕ್ಟ್ರಿಕ್ ಕಾರಿನಲ್ಲಿ ಇಲ್ಲದ ಗೇರಿನ ಜರ್ಕ್, ಇಲ್ಲದ ಎಂಜಿನ್ನಿನ ಸದ್ದು ಎರಡನ್ನೂ ಬೇಕಂತಲೇ ಹಾಕಿದ್ದಾರೆ. ಮೊದಲು ನಗು ಬಂತು. ಟ್ರ್ಯಾಕಿನಲ್ಲಿ ಓಡಿಸಿದಾಗ ಅದರ ಅರ್ಥ ಗೊತ್ತಾಯಿತು. ಸದ್ದು ಇಲ್ಲದಿದ್ದರೆ ತಿರುವಿಗೆ ಎಷ್ಟು ವೇಗದಲ್ಲಿ ಬರುತ್ತಿದ್ದೇನೆ ಅಂತ ಅಂದಾಜೇ ಸಿಗುವುದಿಲ್ಲ, ಕಣ್ಣು ಮೀಟರ್ ಕಡೆ ಹೋಗುತ್ತದೆ. ಇದನ್ನು ನಾಟಕ ಅಂತ ತಳ್ಳಿಹಾಕುವ ಹಾಗಿಲ್ಲ.

ಸರ್ಕಾರದ ನಿಯಮದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದು ಬದಲಾಗುತ್ತಲೇ ಇರುತ್ತದೆ. 2035ರಿಂದ ಹೊಸ ಕಾರುಗಳು ಹೊಗೆಯೇ ಬಿಡಬಾರದು ಅಂತ ಯುರೋಪಿಯನ್ ಯೂನಿಯನ್ 2023ರಲ್ಲಿ ಕಾನೂನು ಮಾಡಿತು. 2025ರ ಡಿಸೆಂಬರ್‌ನಲ್ಲಿ ಯೂನಿಯನ್ನಿನ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ನೇ ಆ ಹೊಗೆ ಕಡಿತದ ಗುರಿಯನ್ನು ನೂರರಿಂದ ತೊಂಬತ್ತು ಪರ್ಸೆಂಟಿಗೆ ಸಡಿಲಿಸುವ ಪ್ರಸ್ತಾಪ ಇಟ್ಟಿತು. ಗಾಳಿಯ ಕಾರ್ಬನ್ ಹಿಡಿದು ಪೆಟ್ರೋಲ್ ಮಾಡುವ ಪ್ರಯತ್ನವೂ ನಡೆದಿದೆ. ಅದಕ್ಕೆ ಬೇಕಾಗುವ ಕರೆಂಟಿನಲ್ಲಿ ಬ್ಯಾಟರಿ ಕಾರು ಎಷ್ಟೋ ಪಟ್ಟು ಜಾಸ್ತಿ ದೂರ ಓಡುತ್ತದೆ. ಹಾಗಾಗಿ ಅದು ರೇಸಿಗೆ, ಹಳೇ ಕಾರುಗಳಿಗೆ ಸರಿ. ದಿನಾ ಓಡಾಡುವ ಕಾರಿಗೆ ಆಗುವ ಮಾತಲ್ಲ ಅಂತ ನನ್ನ ಅಭಿಪ್ರಾಯ.

ಈಗ ತಮ್ಮನ ವಿಷಯ. ಅಮ್ಮ, ಇಲ್ಲಿಂದ ಓದಿ. ಮನೆಮಂದಿ ಓಡಾಡುವ ಕಾರಿನಲ್ಲಿ ಎಂಜಿನ್ ನಿಧಾನವಾಗಿ ಹೋಗುತ್ತದೆ. ರೇಸಿನಲ್ಲಿ, ದುಬಾರಿ ಕಾರುಗಳಲ್ಲಿ ಮೋಟರ್ ಜೊತೆ ಸೇರಿ ಇನ್ನೂ ಬಹಳ ವರ್ಷ ಇರುತ್ತದೆ. 2026ರಿಂದ ಫಾರ್ಮುಲಾ ಒನ್‌ನಲ್ಲೂ ಹೀಗೇ. ಮೋಟರಿನ ಪಾಲು 120 ಕಿಲೋವ್ಯಾಟ್ ಇದ್ದದ್ದು 350 ಆಗಿದೆ, ಆದರೆ ಆರು ಸಿಲಿಂಡರ್ ಎಂಜಿನ್ ಹಾಗೇ ಉಳಿದಿದೆ. ಅಂಥ ಎಂಜಿನ್ ಮಾಡುವ ಕೆಲಸಗಳು ಕಡಿಮೆ, ಪೈಪೋಟಿ ವಿಪರೀತ. ಅದನ್ನೊಂದನ್ನೇ ನಂಬಿ ಓದುವುದು ಬೇಡ. ಆದರೆ ಮೆಕ್ಯಾನಿಕಲ್ ಬಿಡಿಸಬೇಡಿ ಅಪ್ಪ. ನಮ್ಮಲ್ಲಿ ಬರೀ ಫ್ಯೂಯಲ್ ಇಂಜೆಕ್ಷನ್‌ನಲ್ಲೇ ಕೆಲಸ ಮಾಡಿದ ಹಿರಿಯರೊಬ್ಬರನ್ನು ಬ್ಯಾಟರಿ ವಿಭಾಗಕ್ಕೆ ಹಾಕಿದಾಗ ಬಹಳ ಬೇಸರ ಪಟ್ಟುಕೊಂಡಿದ್ದರು. ಈಗ ಬ್ಯಾಟರಿ ತಣ್ಣಗಿಡುವ ಕೂಲಿಂಗ್ ಪ್ಲೇಟಿನ ಲೆಕ್ಕ ಬಂದರೆ ಎಲ್ಲರೂ ಹೋಗುವುದು ಅವರ ಹತ್ತಿರವೇ. ಬಿಸಿ ಹೇಗೆ ಹರಿಯುತ್ತದೆ, ಎಣ್ಣೆ ಹೇಗೆ ಹರಿಯುತ್ತದೆ, ನಿಮಿಷಕ್ಕೆ 20,000 ಸುತ್ತು ತಿರುಗುವ ರೋಟರಿಗೆ ಯಾವ ಬೇರಿಂಗ್ ತಡೆಯುತ್ತದೆ ಅನ್ನುವುದೆಲ್ಲ ಮೆಕ್ಯಾನಿಕಲ್ಲೇ. ಜೊತೆಗೆ ಪವರ್ ಎಲೆಕ್ಟ್ರಾನಿಕ್ಸ್ ಒಂದಷ್ಟು ಕಲಿಯಲಿ, ಕೋಡ್ ಬರೆಯಲು ಹೆದರದಿರಲಿ.

ಕಾಲೇಜಿನ ಸಿಲಬಸ್‌ನ ಫೋಟೋ ತೆಗೆದು ಕಳಿಸಲು ಅವನಿಗೆ ಹೇಳಿ. ಯಾವ ಎಲೆಕ್ಟಿವ್ ತಗೋಬೇಕು ಅಂತ ಗುರುತು ಹಾಕಿ ಕೊಡುತ್ತೇನೆ. ಭಾನುವಾರ ಫೋನ್ ಮಾಡುತ್ತೇನೆ, ಅವನನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ.

ನಿಮ್ಮ ಪ್ರೀತಿಯ ಮಗಳು