ಕೈಂಡಿ ಸರೋವರದ ಮರಗಳು ಮತ್ತು ತಿಯಾನ್‌ಶಾನ್ ಕಾಡು

ಮಾನ್ಯರೇ,

ಕಝಾಕಸ್ತಾನದ ಕೈಂಡಿ ಸರೋವರದ ಚಿತ್ರಗಳು ಪ್ರವಾಸ ಪುರವಣಿಗಳಲ್ಲಿ ಆಗಾಗ ಅಚ್ಚಾಗುತ್ತವೆ. ಹಡಗಿನ ಕೂವೆಮರಗಳಂತೆ ನೀರಿನಿಂದ ಮೇಲೆದ್ದಿರುವ ಬೋಳು ಕಾಂಡಗಳನ್ನು ಪ್ರಕೃತಿಯ ವಿಸ್ಮಯವೆಂದು ಬಣ್ಣಿಸುವ ಬರಹಗಳಲ್ಲಿ ಮರ ಯಾವುದೆಂಬ ಉಲ್ಲೇಖ ಕಾಣುವುದು ಅಪರೂಪ. ಅದು ಷ್ರೆಂಕ್ ಸ್ಪ್ರೂಸ್ ಎಂಬ, ಸೂಜಿಯಂಥ ಎಲೆಗಳ ನಿತ್ಯಹಸಿರು ಮರ. 1911ರ ಭೂಕಂಪದಲ್ಲಿ ಗುಡ್ಡ ಕುಸಿದು ಕಣಿವೆಗೆ ಅಡ್ಡಲಾಗಿ ಬಿದ್ದು, ಅದರ ಹಿಂಬದಿಯಲ್ಲಿ ನೀರು ತುಂಬಿಕೊಂಡಾಗ ಅಲ್ಲಿದ್ದ ಕಾಡು ನಿಂತಂತೆಯೇ ಮುಳುಗಿತು. ನೀರು ಬಲು ತಣ್ಣಗಿರುವುದರಿಂದ ಕಾಂಡಗಳು ಇಂದಿಗೂ ಕೊಳೆತುಹೋಗಿಲ್ಲ.

ಸತ್ತ ಮರಗಳಿಗೆ ಸಿಕ್ಕಿರುವ ಈ ಪ್ರಸಿದ್ಧಿಯಲ್ಲಿ ಸ್ವಲ್ಪವಾದರೂ ಸುತ್ತಲಿನ ಜೀವಂತ ಕಾಡಿಗೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ವಿಜ್ಞಾನಿಗಳು 1842ರಲ್ಲಿ ಹೆಸರಿಟ್ಟು ವರ್ಣಿಸಿದ ಈ ಪ್ರಭೇದ ಕಝಾಕಸ್ತಾನ, ಕಿರ್ಗಿಸ್ತಾನ ಹಾಗೂ ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯಕ್ಕೆ ಸೇರಿದ ತಿಯಾನ್‌ಶಾನ್ ಮೊದಲಾದ ಪರ್ವತಗಳಲ್ಲಿ ಬೆಳೆಯುತ್ತದೆ. ನಲವತ್ತು ಮೀಟರಿಗೂ ಮೀರಿ ಏರಬಲ್ಲ ಈ ಮರದ ಮುಡಿ ಮಾತ್ರ ಅಗಲಕ್ಕೆ ಹರಡದೆ ಕಂಬದಂತೆ ನೀಳವಾಗಿರುತ್ತದೆ. ಸುತ್ತಲೂ ಒಣ ಹುಲ್ಲುಗಾವಲು, ಅದರಾಚೆ ಮರುಭೂಮಿ ಇರುವ ಆ ನಾಡಿನಲ್ಲಿ ಸ್ಪ್ರೂಸ್ ಬಹುಮಟ್ಟಿಗೆ ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳನ್ನೇ ಆಶ್ರಯಿಸುತ್ತದೆ. ಬಿಸಿಲು ಕಡಿಮೆ ಬೀಳುವ ಅಲ್ಲಿ ಹಿಮ ನಿಧಾನವಾಗಿ ಕರಗಿ ಮಣ್ಣಿನ ತೇವ ಬೇಸಿಗೆಯವರೆಗೂ ಉಳಿಯುತ್ತದೆ. ಎದುರಿನ ಇಳಿಜಾರಿನಲ್ಲಿ ಹೆಚ್ಚಾಗಿ ಹುಲ್ಲು ಮತ್ತು ಜುನಿಪರ್ ಪೊದೆ. ಆದ್ದರಿಂದ ನಕಾಶೆಯಲ್ಲಿ ವಿಶಾಲವಾಗಿ ತೋರುವ ಈ ಕಾಡು ನೆಲದ ಮೇಲೆ ತುಂಡುತುಂಡಾದ ಪಟ್ಟಿಗಳಾಗಿದೆ. ಒಂದು ಪಟ್ಟಿ ಅಳಿದರೆ ಪಕ್ಕದಲ್ಲೇ ಹೊಸದನ್ನು ಬೆಳೆಸಲು ತಕ್ಕ ಜಾಗ ಸಿಗುವುದಿಲ್ಲ.

ಬೇರು ಆಳಕ್ಕಿಳಿಯದ ಈ ಮರಗಳನ್ನು ಬಿರುಗಾಳಿ ಸುಲಭವಾಗಿ ಉರುಳಿಸುತ್ತದೆ. 2011ರಲ್ಲಿ ಕಝಾಕಸ್ತಾನದ ಅಲ್ಮಾಟಿ ನಗರದ ಮೇಲಿನ ಬೆಟ್ಟಗಳಲ್ಲಿ ಹಾಗೆಯೇ ಆಯಿತು. ಬಿದ್ದ ಮರಗಳಲ್ಲಿ ತೊಗಟೆ ಕೊರೆಯುವ ದುಂಬಿಗಳು ಹೆಚ್ಚುವುದು ಮುಂದಿನ ತೊಂದರೆ. ಆದರೂ ಗಾಳಿಗಿಂತ ಮೇವಿನ ಪ್ರಶ್ನೆಯೇ ಹೆಚ್ಚು ಜಟಿಲವೆಂದು ನನಗೆ ತೋರುತ್ತದೆ. ಸ್ಪ್ರೂಸ್ ಸಸಿ ಮೊದಲ ವರ್ಷಗಳಲ್ಲಿ ತೀರ ನಿಧಾನವಾಗಿ ಬೆಳೆಯುವುದರಿಂದ, ದನಕರು ಮತ್ತು ಕುರಿಗಳ ಬಾಯಿಗೂ ಗೊರಸಿಗೂ ಸಿಗುವ ಎತ್ತರದಲ್ಲೇ ಬಹುಕಾಲ ಇರುತ್ತದೆ. ದೊಡ್ಡ ಮರಗಳಿಂದ ತುಂಬಿ ಆರೋಗ್ಯವಾಗಿಯೇ ಕಾಣುವ ಕಾಡಿನ ನೆಲದಲ್ಲಿ ಮರಿಗಿಡಗಳೇ ಇಲ್ಲದಿದ್ದರೆ ಆ ಕೊರತೆ ದೂರದಿಂದ ನೋಡುವವರಿಗೆ ತಿಳಿಯದು.

ಪಶುಪಾಲನೆಯೇ ಜೀವನಾಧಾರವಾದ ಕಿರ್ಗಿಸ್ತಾನದ ಹಳ್ಳಿಗಳಿಗೆ ಬೇಸಿಗೆಯ ಹುಲ್ಲುಗಾವಲನ್ನು ಪೂರ್ತಿ ಮುಚ್ಚಿರೆಂದು ಹೇಳುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ. ಸಸಿ ಹುಟ್ಟಿರುವ ಇಳಿಜಾರುಗಳಿಗಷ್ಟೇ ಬೇಲಿ ಹಾಕಿ, ಗಿಡಗಳು ಆಳೆತ್ತರ ದಾಟಿದ ಮೇಲೆ ಅದನ್ನು ತೆರವುಗೊಳಿಸಿ ಮತ್ತೊಂದು ಪಟ್ಟಿಗೆ ಸಾಗಿಸುವುದು, ಹೊಸದಾಗಿ ಲಕ್ಷ ಗಿಡ ನೆಡುವ ಘೋಷಣೆಗಿಂತ ಕಡಿಮೆ ಖರ್ಚಿನದು ಮತ್ತು ಹೆಚ್ಚು ಫಲ ಕೊಡುವಂಥದು.

— ಓರ್ವ ಓದುಗ